ಅಳಿಸಿದ ಪ್ಯಾರಾ

ಗುರುವಾರ, ಜೂನ್ 12

ನನ್ನ ಪ್ರೋಗ್ರಾಮಿಂಗ್ ಬ್ಲಾಗಿನಲ್ಲಿ ಕೋಡ್‌ನ ತಪ್ಪು ಹಿಡಿದವರಿಗೆಲ್ಲ ತಾಳ್ಮೆಯಿಂದ ಉತ್ತರಿಸುತ್ತೇನೆ. ಇವತ್ತಿನ ಒಂದು ಕಾಮೆಂಟ್ ಮಾತ್ರ ಕೋಡ್‌ನ ತಪ್ಪಿನ ಬಗ್ಗೆ ಇರಲಿಲ್ಲ: “ಕೋಡ್ ಸರಿಯಿದೆ. ಆದರೆ ಅದನ್ನು ವಿವರಿಸಲು ಗಣಿತದಲ್ಲಿ ಫೇಲಾಗಿ ಅತ್ತ ಮಗಳನ್ನು ಉದಾಹರಣೆಯಾಗಿ ಬಳಸಿದ್ದೀರಿ. ಅವಳನ್ನು ಕೇಳಿದ್ದಿರಾ?”

ಕೇಳಿರಲಿಲ್ಲ. ಊಟದ ಹೊತ್ತಿಗೆ ಆ ಲೇಖನವನ್ನೂ ಕಾಮೆಂಟನ್ನೂ ಅವಳಿಗೇ ತೋರಿಸಿದೆ.

“ನೀನು ಬರೆದಿದ್ದನ್ನ ಹೋದ ವಾರಾನೇ ಓದಿದೀನಮ್ಮ,” ಎಂದಳು. “ಇನ್ನೊಂದು ತಪ್ಪು ನಿನ್ನ ಓದುಗರಿಗೂ ಸಿಕ್ಕಿಲ್ಲ. ನಾನು ಅತ್ತಿದ್ದು ಮಾರ್ಕ್ಸಿಗಲ್ಲ.”

“ಮತ್ಯಾಕೆ?”

“ಹೇಳಿದ್ರೆ ಅದನ್ನೂ ಬರೀತೀಯ.”

ಅವಳ ಅಪ್ಪ ತಟ್ಟೆಯಿಂದ ತಲೆಯೆತ್ತದೆ ನಕ್ಕರು.

ಆ ಪ್ಯಾರಾ ಅಳಿಸಿದೆ, ಕಾಮೆಂಟ್ ಹಾಕಿದ ಓದುಗರಿಗೆ ಧನ್ಯವಾದ ಹೇಳಿದೆ. ಆದರೂ ಅವಳು ಅತ್ತಿದ್ದೇಕೆ ಎಂಬುದು ತಲೆಯಿಂದ ಹೋಗುತ್ತಿಲ್ಲ. ತಿಳಿಯಬೇಕು ಎನ್ನುತ್ತಿರುವುದು ತಾಯಿಯೋ, ಬ್ಲಾಗ್ ಬರೆಯುವವಳೋ? ನಾಳೆ ಫೋನನ್ನು ಹೊರಗಿಟ್ಟು ಸುಮ್ಮನೆ ಅವಳ ಕೋಣೆಯಲ್ಲಿ ಹೋಗಿ ಕೂತರೆ ಹೇಳಿಯಾಳೇ, ಇಲ್ಲಾ ಅದನ್ನೂ ಬರೆಯಲೆಂದೇ ಬಂದೆ ಅಂದುಕೊಂಡಾಳೇ?