ಗಿಡದ ಮದ್ದು ಬಳಿಸಿದವನಿಂದ, ಮೈ ನೋಡದ ವಿಚಾರಣಾಧಿಕಾರಿಗಳಿಗೆ

ಮಾನ್ಯ ವಿಚಾರಣಾಧಿಕಾರಿಗಳೇ,

ನೀವು ಸುಳ್ಳು ಬರೆದಿದ್ದೀರಿ. ಆ ಸುಳ್ಳಿನ ಕೆಳಗೆ ಸಾಕ್ಷಿಯಾಗಿ ರುಜು ಹಾಕಿದವನು ನಾನು. ಹೀಗಾಗಿ ನಿಮ್ಮನ್ನು ಸುಳ್ಳುಗಾರರೆಂದು ಕರೆಯುವ ಹಕ್ಕು ಈ ಜಿಲ್ಲೆಯಲ್ಲಿ ನನಗಿಂತ ಹೆಚ್ಚಾಗಿ ಇನ್ಯಾರಿಗೂ ಇರಲಾರದು. ಹೋದ ವರ್ಷ, ಅಂದರೆ ಎರಡು ಸಾವಿರದ ಒಂದರ ಅಕ್ಟೋಬರಿನಲ್ಲಿ, ಸಂಸೆ ಕಡೆಯ ಕಾಫಿ ಎಸ್ಟೇಟೊಂದರ ಕೂಲಿ ಲೈನಿನ ಸಾಲುಮನೆಯೊಂದರಲ್ಲಿ ಸವಿತ ಎಂಬ ನಾಲ್ಕು ವರ್ಷದ ಮಗು ಸತ್ತಿತು. 'ಮಗುವಿಗೆ ಮೊದಲಿನಿಂದಲೂ ಮೂರ್ಛೆರೋಗವಿದ್ದು, ಪೋಷಕರ ನಿರ್ಲಕ್ಷ್ಯ ಹಾಗೂ ಅಶುಚಿತ್ವದ ಕಾರಣ ಮರಣ ಸಂಭವಿಸಿರುತ್ತದೆ' ಎಂದು ಆರೋಗ್ಯ ಇಲಾಖೆಯ ಪರವಾಗಿ ನೀವು ವರದಿ ಕೊಟ್ಟಿರಿ. ಮಗುವಿಗೆ ಮೂರ್ಛೆರೋಗ ಇರಲಿಲ್ಲ. ಅದಕ್ಕಿದ್ದದ್ದು ಕಜ್ಜಿ. ಅದು ಸತ್ತದ್ದು ಆ ಕಜ್ಜಿಗೆ ನಾನು ಬಳಿಸಿದ ಮದ್ದಿನಿಂದ. ಆಗ ನಾನು ಆ ಎಸ್ಟೇಟಿನ ರೈಟರ್. ಹಾಜರಿ ಕರೆಯುವುದು, ಗೊಬ್ಬರ ಮತ್ತು ಔಷಧಿಯ ಗೋಡೌನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ಮೊದಲು ನಿಮ್ಮ ಇಲಾಖೆಯ ಪಾಲನ್ನು ಹೇಳುತ್ತೇನೆ, ನನ್ನ ಪಾಲು ಆಮೇಲೆ. ಜೂನಿನಲ್ಲಿ ಲೈನಿನ ಒಂದು ಮನೆಯಲ್ಲಿ ಶುರುವಾದ ತುರಿಕೆ ಆಗಸ್ಟಿನ ಹೊತ್ತಿಗೆ ಹನ್ನೆರಡು ಮನೆಗಳನ್ನೂ ಹಿಡಿಯಿತು. ತೊಳೆದ ಬಟ್ಟೆ ವಾರವಾದರೂ ಒಣಗದ ಕಾಲ, ಒಂದೇ ಕಂಬಳಿಯಡಿ ಐದು ಜನ. ಹಬ್ಬದೆ ಏನಾದೀತು? ಜನರೇನು ಕೈಕಟ್ಟಿ ಕೂರಲಿಲ್ಲ. ಸವಿತಳ ಅಪ್ಪ ಬೆಳ್ಳಿಯಪ್ಪ, ಅಮ್ಮ ನಂಜಮ್ಮ, ಇಬ್ಬರೂ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಮಗುವನ್ನು ಮೂರು ಸಲ ಸರ್ಕಾರಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಮೂರು ಸಲವೂ ಅಲ್ಲಿನ ವೈದ್ಯರು ಮಗುವಿನ ಬೆರಳು ಬಿಡಿಸಿ ನೋಡಲಿಲ್ಲ. "ತುರಿಕೆಯಾ? ಇದನ್ನ ಹಚ್ಚಿ. ಹೂಂ, ಮುಂದೆ ಯಾರು?" ಇಷ್ಟೇ ಪರೀಕ್ಷೆ. ಕೊಟ್ಟದ್ದು ಒಂದು ಟ್ಯೂಬು. ಹುಳುಕಡ್ಡಿಗೂ ಅದೇ ಟ್ಯೂಬು, ಕಜ್ಜಿಗೂ ಅದೇ, ಇಂಬಳ, ಅಂದರೆ ಜಿಗಣೆ, ಕಚ್ಚಿ ಆದ ಹುಣ್ಣಿಗೂ ಅದೇ. ಅದರಲ್ಲಿ ಸ್ಟೀರಾಯ್ಡ್ ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ಹಚ್ಚಿದರೆ ನಾಲ್ಕು ದಿನ ತುರಿಕೆ ತಣ್ಣಗಾಗುತ್ತಿತ್ತು. ಐದನೇ ದಿನದಿಂದ ಮೊದಲಿಗಿಂತ ಹೆಚ್ಚು ಜಾಗದಲ್ಲಿ ಎದ್ದು ಕೀವು ಕಟ್ಟುತ್ತಿತ್ತು. ಇಷ್ಟು ಸರ್ವಶಕ್ತವಾದ ಟ್ಯೂಬು ನಿಮ್ಮಲ್ಲಿರುವಾಗ ವೈದ್ಯರನ್ನು ಯಾಕೆ ನೇಮಿಸುತ್ತೀರಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಬುಟ್ಟಿ ಇಟ್ಟು ಹಂಚಬಾರದೇ?

ಈಗ ನನ್ನ ಸರದಿ. ಅಕ್ಟೋಬರಿನಲ್ಲಿ ಎಸ್ಟೇಟಿನ ಮಾಲೀಕರಾದ ಸಾಹುಕಾರರು ನನ್ನನ್ನು ಕರೆಸಿ, "ಏನ್ರೀ ರೈಟರೇ, ಲೈನಿಗೆ ಲೈನೇ ಕೆರ್ಕೊಂಡ್ ಕೂತ್ರೆ ಮುಂದಿನ್ ತಿಂಗ್ಳು ಹಣ್ಣು ಯಾರ್ ಕೊಯ್ಯೋದು? ಏನಾರೂ ಮಾಡಿ ಮಾರಾಯ್ರೆ," ಎಂದರು. ನಾನು ಪೇಟೆಗೆ ಹೋಗಿ ತಯ್ಯಬ್ ಅವರ ಮೆಡಿಕಲ್ ಶಾಪಿನಲ್ಲಿ ಕಜ್ಜಿಯ ಮದ್ದು ಕೇಳಿದೆ. ಅವರು ಕೊಟ್ಟ ಲೋಷನ್ ಬಾಟಲಿಯ ಚೀಟಿ ಓದಿದವನಿಗೆ ನಗುವೇ ಬಂತು. ಲಿಂಡೇನ್! ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೀವು ಕಾಫಿ ಕುಡಿಯುವವರಾದ್ದರಿಂದ ಹೇಳುತ್ತೇನೆ. ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳಕ್ಕೆ ನಾವು ಬಳಿಯುವುದು ಅದನ್ನೇ. ನನ್ನ ಗೋಡೌನಿನಲ್ಲಿ ಅದು ಡಬ್ಬಿಗಟ್ಟಲೆ ಇತ್ತು. "ಹೆಸ್ರು ಒಂದೇ ಇರ್ಬೋದು ರೈಟರೇ, ಅದು ಗಿಡದ್ದು, ಇದು ಮನುಷ್ಯರದ್ದು. ಇದ್ನೇ ಸಣ್ ಮಕ್ಳಿಗೆ ಹಚ್ಬೇಡಿ, ಹುಣ್ಣಾದ್ ಮೈಗೆ ಹಚ್ಬೇಡಿ ಅಂತ ಬರ್ದಿದೆ, ನೋಡಿ," ಎಂದು ತಯ್ಯಬ್ ಅವರು ಬೆರಳಿಟ್ಟು ತೋರಿಸಿದರು. ಇಪ್ಪತ್ತಾರು ವರ್ಷ ಹುಳ ಕೊಂದ ನನಗೆ ಅಂಗಡಿಯವರು ಬುದ್ಧಿ ಹೇಳುವುದೇ? ಬಾಟಲಿಯನ್ನು ಅಲ್ಲೇ ಬಿಟ್ಟು ಬಂದೆ.

ಕಾಂಡಕ್ಕೆ ಮದ್ದು ಬಳಿಯುವುದಕ್ಕೂ ಒಂದು ಕ್ರಮವಿದೆ. ಮೊದಲು ತೆಂಗಿನ ನಾರಿನ ಕೈಗವಸು ಹಾಕಿಕೊಂಡು ಕಾಂಡದ ಸಡಿಲ ತೊಗಟೆಯನ್ನು ತಿಕ್ಕಿ ತೆಗೆಯಬೇಕು. ಆಮೇಲೆ ಬಳಿಯಬೇಕು. ನಮ್ಮ ಮೇಸ್ತ್ರಿ ತಿಮ್ಮಪ್ಪ ಹೇಳಿದ, "ಗಿಡಕ್ಕೆ ಹೆಂಗ್ ಮಾಡ್ತೀವೋ ಹಂಗೇ ಮಾಡಾಣ ರೈಟರೇ. ಬಿಸಿನೀರು ಹುಯ್ದು, ನಾರಲ್ಲಿ ತಿಕ್ಕಿ ಬಳುದ್ರೆ ಮದ್ದು ಒಳಗ್ ಇಳೀತದೆ." ನಾನು ಹೂಂ ಎಂದೆ. ಗಿಡಕ್ಕಿಂತ ಮನುಷ್ಯ ದೊಡ್ಡವನಲ್ಲವೇ ಎಂದು ಗೋಡೌನಿನ ಲಿಂಡೇನನ್ನು ಗಿಡಕ್ಕೆ ಕಲಸುವುದಕ್ಕಿಂತ ಬಹಳ ಗಟ್ಟಿಯಾಗಿಯೇ ಕಲಸಿದೆ. ಭಾನುವಾರ ಬೆಳಗ್ಗೆ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗಿದೆ. ಹನ್ನೆರಡು ಮನೆಯವರೂ ಕೊಯ್ದ ಹಣ್ಣು ಅಳೆಯುವ ಡಿಪೋ ಮುಂದೆ ಸಾಲಾಗಿ ನಿಂತರು. ಕೀವು ಕಟ್ಟಿದ ಮೈಗಳನ್ನು ನಾರಿನಿಂದ ತಿಕ್ಕಿಸಿದೆ, ರಕ್ತ ಬರುವವರೆಗೆ. ಗಂಡಸರು ಹಲ್ಲು ಕಚ್ಚಿ ನಿಂತರು, ಹೆಂಗಸರು ಸೀರೆಯ ಸೆರಗು ಬಾಯಿಗೆ ತುರುಕಿಕೊಂಡರು. ಮಕ್ಕಳ ಕಿರುಚಾಟ ತಡೆಯಲಾರದೆ ಸಾಹುಕಾರರು ಬಂಗಲೆಯ ಕಿಟಕಿ ಮುಚ್ಚಿಸಿದರು. ಸೋಮವಾರ ಸಂಜೆ ಮತ್ತೆ ಬಳಿಸಿದೆ. ಬುಧವಾರ ಮೂರನೇ ಸಲ.

ಬುಧವಾರ ನಂಜಮ್ಮ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ತೋಟದೊಳಗೆ ಓಡಿದಳು. "ಬ್ಯಾಡಿ ಸ್ವಾಮಿ, ಮಗ ನಿನ್ನೆಯಿಂದ ನಡುಗ್ತೈತೆ, ಕಾಲು ನಿಲ್ತಿಲ್ಲ," ಎಂದು ಕೂಗುತ್ತಲೇ ಓಡಿದಳು. ತಿಮ್ಮಪ್ಪ ಅಟ್ಟಿಸಿಕೊಂಡು ಹೋಗಿ ಜಡೆ ಹಿಡಿದು ಎಳೆದು ತಂದ. ಅವಳ ತೋಳು ತಿರುಚಿ ಮಗುವನ್ನು ಬಿಡಿಸಿದ. ಅವನು ಮಗುವಿನ ಎರಡು ಕೈಗಳನ್ನೂ ಒತ್ತಿ ಹಿಡಿದ, ನಾನು ಬ್ರಷ್ ಹಿಡಿದೆ. ಹೌದು, ಆ ದಿನ ನಾನೇ. ಒಬ್ಬಳನ್ನು ಬಿಟ್ಟರೆ ಉಳಿದವರಿಗೆಲ್ಲ ಮತ್ತೆ ಹಬ್ಬುತ್ತದೆ ಎಂಬ ಶಿಸ್ತು ನನ್ನದು. ಕತ್ತಿನಿಂದ ಪಾದದವರೆಗೆ ಒಂದಿಂಚೂ ಬಿಡದೆ ಬಳಿದೆ. ಎರಡು ಗಂಟೆಯೊಳಗೆ ಮಗು ಸೆಟೆದುಕೊಂಡಿತು. ಕಣ್ಣು ಮೇಲಾಯಿತು, ಬಾಯಲ್ಲಿ ನೊರೆ, ಹಲ್ಲಿನ ನಡುವೆ ಸಿಕ್ಕಿ ನಾಲಗೆ ಕತ್ತರಿಸಿಹೋಯಿತು. ಒಂದರ ಹಿಂದೆ ಒಂದು ಆರು ಸಲ ಹಾಗಾಯಿತು. ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯುವಾಗ ದಾರಿಯ ಮಧ್ಯೆ, ನಂಜಮ್ಮನ ಮಡಿಲಿನಲ್ಲಿ ಉಸಿರು ನಿಂತಿತು. ಮುಂದಿನ ಸೀಟಿನಲ್ಲಿ ಕೂತಿದ್ದ ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ.

ಬೆಳ್ಳಿಯಪ್ಪ ಆ ದಿನ ತೋಟದ ದೂರದ ಬ್ಲಾಕಿನಲ್ಲಿ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿಗೆ ಹೋಗಿದ್ದ. ಸಂಜೆ ಬಂದವನು ಮಗುವಿನ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದ, ಮೈ ಮೂಸಿ ನೋಡಿದ. ಗಿಡದ ಮದ್ದಿನ ವಾಸನೆ ಅವನಿಗೆ ಗೊತ್ತಿಲ್ಲದ್ದೇ? ಮರಗಸಿಯ ಕತ್ತಿ ಸೊಂಟದಲ್ಲೇ ಇತ್ತು. ನನ್ನ ಕುತ್ತಿಗೆಗೆ ಬೀಸಿದ, ನಾನು ಎಡಗೈ ಅಡ್ಡ ಹಿಡಿದೆ. ಮೂರು ಬೆರಳು ಡಿಪೋ ಕಟ್ಟೆಯ ಮೇಲೆ ಬಿದ್ದವು. ಎರಡನೇ ಏಟಿಗೆ ಕೈ ಎತ್ತಿದಾಗ ಜನ ಬಿದ್ದು ಹಿಡಿದರು. ಆಮೇಲೆ ತಿಮ್ಮಪ್ಪ ಮತ್ತು ಬಂಗಲೆಯ ಆಳುಗಳು ಅವನನ್ನು ಕಂಬಕ್ಕೆ ಕಟ್ಟಿ, ಪೊಲೀಸರು ಬರುವವರೆಗೂ ಹೊಡೆದರು. ಮಗುವಿನ ಮಣ್ಣಿಗೆ ಅಪ್ಪ ಇರಲಿಲ್ಲ. ಕೊಲೆಯತ್ನದ ಆರೋಪ ಹೊತ್ತು ಅವನು ಇವತ್ತಿಗೂ ಜೈಲಿನಲ್ಲಿದ್ದಾನೆ. ಅವನ ಮಗುವಿನ ಜೀವಕ್ಕೆ ಕೇಸಿಲ್ಲ, ನನ್ನ ಮೂರು ಬೆರಳಿಗೆ ಕೇಸಿದೆ.

ಪೇಟೆಯ ಪತ್ರಿಕೆಯೊಂದರಲ್ಲಿ ನಾಲ್ಕು ಸಾಲು ಬಂದದ್ದರಿಂದ ನೀವು ದಯಮಾಡಿಸಿದಿರಿ. ಮರಣೋತ್ತರ ಪರೀಕ್ಷೆಯಿಲ್ಲದೆ ಮಗುವನ್ನು ಹೂತದ್ದು ಹೇಗೆ ಎಂದು ನೀವು ಕೇಳಲಿಲ್ಲ. ಬಂಗಲೆಯ ಜಗಲಿಯಲ್ಲಿ ಕೂತಿರಿ. ಕಾಫಿ ಚೆನ್ನಾಗಿದೆ, ಪೀಬೆರಿ ಬೀಜದ್ದೋ ಎಂದು ಕೇಳಿದಿರಿ. ಲೈನು ಅಲ್ಲಿಂದ ನೂರು ಹೆಜ್ಜೆ. ಇಳಿದು ಬರಲಿಲ್ಲ, ಇಂಬಳ ಇರುತ್ತವಲ್ಲ ಎಂದಿರಿ. ನಿಮ್ಮ ಎದುರಿಗೆ ಅಂಗಳದಲ್ಲಿ ಇಪ್ಪತ್ತು ಜನ ಕೆರೆದುಕೊಳ್ಳುತ್ತ ನಿಂತಿದ್ದರು. ಒಬ್ಬರ ಕೈಯನ್ನಾದರೂ ಹಿಡಿದು ನೋಡಿದಿರಾ? ಔಷಧಿಯ ಡಬ್ಬಿ ತರಿಸಿದಿರಾ? ನಂಜಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮಗುವಿಗೆ ಸಾಯೋ ಮೊದ್ಲು ಫಿಟ್ಸ್ ಬಂತೇನಮ್ಮಾ?" ಅವಳು "ಬಂತು ಬುದ್ಧಿ, ಆರ್ ಸಲ ಬಂತು," ಎಂದಳು. ಅಷ್ಟಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿರಿ. ಮೂರ್ಛೆರೋಗ ಸಿದ್ಧವಾಯಿತು! ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಬಾರದ ರೋಗವನ್ನು ನಾಲ್ಕು ನಿಮಿಷದಲ್ಲಿ ಹುಟ್ಟಿಸಿದ ನಿಮ್ಮ ವಿದ್ವತ್ತಿಗೆ ಏನೆಂದು ಹೇಳಲಿ? ಬ್ಯಾಂಡೇಜು ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ನಾನೂ ರುಜು ಹಾಕಿದೆ. ಸಾಹುಕಾರರು ನನ್ನ ಬೆನ್ನು ತಟ್ಟಿದರು.

ಬೆರಳಿನ ಗಾಯ ಸಾಲದೆಂಬಂತೆ ನನಗೂ ಕಜ್ಜಿ ಹತ್ತಿತು. ಚಿಕ್ಕಮಗಳೂರಿನಲ್ಲಿ ಒಬ್ಬ ಚರ್ಮದ ವೈದ್ಯೆಯ ಬಳಿ ಹೋದೆ. ವಯಸ್ಸಿನಲ್ಲಿ ನನ್ನ ಮಗಳಷ್ಟು. ಆಕೆ ನನ್ನ ಬಲಗೈಯನ್ನು ದೀಪದಡಿ ಹಿಡಿದು, ಬೆರಳಿನ ಸಂದಿಗಳನ್ನು ಭೂತಗನ್ನಡಿಯಲ್ಲಿ ಒಂದೊಂದಾಗಿ ನೋಡಿದರು. ಮನೆಯಲ್ಲಿ ಯಾರಿಗೆ ತುರಿಕೆ, ಯಾವ ಹೊತ್ತಿನಲ್ಲಿ ಹೆಚ್ಚು, ಏನೇನು ಹಚ್ಚಿದಿರಿ ಎಂದು ಕೇಳಿದರು. ಚರ್ಮವನ್ನು ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು, "ನೀವೇ ನೋಡಿ ಅಂಕಲ್," ಎಂದು ಮೈಕ್ರೋಸ್ಕೋಪು ತೋರಿಸಿದರು. ಎಂಟು ಕಾಲಿನ ಹುಳ, ಅದರ ಪಕ್ಕ ಮೊಟ್ಟೆ. ಇದಕ್ಕೆ ಪರ್ಮೆಥ್ರಿನ್ ಎಂಬ ಮುಲಾಮು ಇದೆ, ಅದನ್ನು ನೂರಾರು ರೋಗಿಗಳ ಮೇಲೆ ಬೇರೆ ಮದ್ದುಗಳ ಜೊತೆ ಹೋಲಿಸಿ ನೋಡಿದ್ದಾರೆ, ಚಿಕ್ಕ ಮಕ್ಕಳಿಗೂ ಹಚ್ಚಬಹುದು, ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಂಡು ವಾರದ ಮೇಲೆ ಇನ್ನೊಮ್ಮೆ ಹಚ್ಚಬೇಕು, ಬಟ್ಟೆ ಕಂಬಳಿಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು ಎಂದರು. ಇಷ್ಟೇ! ಇದನ್ನು ಹೇಳಲು ಆಕೆಗೆ ಹಿಡಿದದ್ದು ಹತ್ತು ನಿಮಿಷ. ಆ ಹತ್ತು ನಿಮಿಷ ಜೂನಿನಲ್ಲಿ ನಂಜಮ್ಮನಿಗೆ ಸಿಕ್ಕಿದ್ದರೆ ನನ್ನಂಥ ಮೂರ್ಖನ ಕೈಗೆ ಬ್ರಷ್ ಬರುತ್ತಿರಲಿಲ್ಲ. ಮೈ ನೋಡಿ, ಕಾರಣ ಹುಡುಕಿ, ಪರೀಕ್ಷೆಯಲ್ಲಿ ಗೆದ್ದ ಮದ್ದನ್ನೇ ಕೊಡುವುದು ದೊಡ್ಡ ಊರಿನ ಜನರಿಗೆ ಮಾತ್ರವೇ? ಕೂಲಿಯವರ ಚರ್ಮ ಚರ್ಮವಲ್ಲವೇ?

ಕೆಲಸ ಬಿಡುವ ಮುಂಚಿನ ದಿನ ಲೈನಿಗೆ ಹೋಗಿ ನಂಜಮ್ಮನ ಕಾಲು ಹಿಡಿಯಬೇಕೆಂದಿದ್ದೆ. ಉಗಿಯುತ್ತಾಳೆ, ಕಲ್ಲೆತ್ತಿ ಹೊಡೆಯುತ್ತಾಳೆ, ಹೊಡೆದರೆ ಹೊಡೆಯಲಿ ಎಂದುಕೊಂಡೇ ಹೋದೆ. ಅವಳು ಹೊಡೆಯಲಿಲ್ಲ. ನಿಮ್ಮ ವರದಿಯನ್ನು ಯಾರೋ ಅವಳಿಗೆ ಓದಿ ಹೇಳಿದ್ದರು. ಬಾಗಿಲಲ್ಲಿ ಕೂತಿದ್ದವಳು ನನ್ನನ್ನು ಕಂಡು ಎದ್ದು ನಿಂತು ಕೇಳಿದಳು, "ರೈಟರೇ, ನನ್ ಮಗೀಗೆ ಮೊದ್ಲಿಂದ್ಲೂ ಆ ಕಾಯ್ಲೆ ಇತ್ತಂತೆ. ದೊಡ್ ಡಾಕ್ಟ್ರು ಬರ್ದವ್ರಂತೆ. ಹೆತ್ತೋಳಿಗೆ ನಂಗೇ ಯಾಕ್ ಗೊತ್ತಾಗ್ಲಿಲ್ಲ?"

ಹೇಳಿ, ಮಾನ್ಯರೇ. ಏನು ಉತ್ತರ ಕೊಡಲಿ? ಅವಳ ಮಗುವನ್ನು ನಾನು ಕೊಂದೆ. ಕೊಂದವಳು ನೀನೇ ಎಂದು ನೀವು ಅವಳನ್ನು ನಂಬಿಸಿದಿರಿ. ಇದರಲ್ಲಿ ಯಾವುದು ಹೆಚ್ಚಿನ ಕೊಲೆ ಎಂದು ನನಗೆ ಗೊತ್ತಿಲ್ಲ. ನನ್ನದು ಎರಡು ಗಂಟೆಯಲ್ಲಿ ಮುಗಿಯಿತು. ನಿಮ್ಮದು ಅವಳು ಬದುಕಿರುವವರೆಗೆ ನಡೆಯುತ್ತದೆ.

ಬರುವ ಹದಿನೇಳನೇ ತಾರೀಕು ಬೆಳ್ಳಿಯಪ್ಪನ ವಿಚಾರಣೆ. ಮಗು ರೋಗದಿಂದ ಸತ್ತಿತು, ಕುಡುಕ ಅಪ್ಪ ಸುಮ್ಮನೆ ಕತ್ತಿ ಬೀಸಿದ ಎಂದು ಅಲ್ಲಿ ಸರ್ಕಾರಿ ವಕೀಲರು ವಾದಿಸಲಿದ್ದಾರೆ. ಅವರ ಕೈಯಲ್ಲಿರುವ ದೊಡ್ಡ ಆಧಾರ ನಿಮ್ಮ ವರದಿ. ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಹದಿನೇಳರೊಳಗೆ ಆ ವರದಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹೂತ ದೇಹವನ್ನು ತೆಗೆಸಿ ಪರೀಕ್ಷೆ ಮಾಡಿಸಿ. ಮೂರು ಸಲ ಕೈ ನೋಡದೆ ಟ್ಯೂಬು ಕೊಟ್ಟ ಆಸ್ಪತ್ರೆಯ ಹೆಸರು ಬರೆಯಿರಿ, ಬಳಿದವನ ಹೆಸರು ಬರೆಯಿರಿ, ಬಳಿಸಿದ್ದನ್ನು ಕಿಟಕಿ ಮುಚ್ಚಿ ಒಪ್ಪಿದ ಬಂಗಲೆಯ ಹೆಸರೂ ಬರೆಯಿರಿ. ಲೈನಿನಲ್ಲಿ ಇನ್ನೂ ಹನ್ನೆರಡು ಮನೆ ಕೆರೆದುಕೊಳ್ಳುತ್ತಿವೆ. ಮೈ ನೋಡಬಲ್ಲ ಒಬ್ಬ ವೈದ್ಯರನ್ನು ಸರಿಯಾದ ಮುಲಾಮಿನ ಜೊತೆ ಕಳಿಸಿ. ನೀವು ಒಂದನ್ನೂ ಮಾಡದಿದ್ದರೂ ನಾನು ಕಟಕಟೆ ಹತ್ತಿ ಇಷ್ಟನ್ನೂ ಹೇಳುತ್ತೇನೆ. ಆಮೇಲೆ ಬೆಳ್ಳಿಯಪ್ಪ ಕೂತ ಜಾಗದಲ್ಲಿ ನನ್ನನ್ನು ಕೂರಿಸಲಿ.

ಕೊನೆಯದು ಇದು. ನೀವು ಖುದ್ದಾಗಿ ಆ ನೂರು ಹೆಜ್ಜೆ ಇಳಿದು ಲೈನಿಗೆ ಹೋಗಿ, "ಅಮ್ಮಾ, ನಿನ್ನ ಮಗುವಿಗೆ ಆ ಮೂರ್ಛೆರೋಗ ಇರಲೇ ಇಲ್ಲ, ನಾನು ಸುಳ್ಳು ಬರೆದೆ," ಎಂದು ನಂಜಮ್ಮನಿಗೆ ಹೇಳಬೇಕು. ಕಾಗದದಲ್ಲಿ ಬರೆದು ಕಳಿಸಬೇಡಿ, ಅವಳಿಗೆ ಓದಲು ಬರುವುದಿಲ್ಲ. ನಾನು ಹೇಳಿ ನೋಡಿದೆ. ದೊಡ್ಡ ಡಾಕ್ಟರು ಬರೆದದ್ದು ಸುಳ್ಳಾಗುತ್ತದೆಯೇ ಎಂದು ಅವಳು ನನ್ನನ್ನೇ ಸಮಾಧಾನ ಮಾಡಿ ಕಳಿಸಿದಳು.

ಇಂತಿ,
ತಮ್ಮ ವರದಿಯ ಪ್ರಕಾರ ಯಾವ ತಪ್ಪನ್ನೂ ಮಾಡದ,
ಗುರುವಯ್ಯ, ಮಾಜಿ ರೈಟರ್