ಮಡಲು ಇಳಿಸಿ ಹಂಚು ಹೊದೆಸಿದ್ದು

1955 ಮೇ 8, ಭಾನುವಾರ
ಇಗರ್ಜಿಯಿಂದ ಬಂದವನೇ ಮತ್ತೆ ಏಣಿ ಹತ್ತಿದೆ. ಮಾಡಿಗೆ ಹೊದೆಸಿದ್ದ ತೆಂಗಿನ ಮಡಲು ಪೂರ್ತಿ ಇಳಿಸಿ ಆಯಿತು. ಒಳಗೆ ನಿಂತರೆ ಆಕಾಶ! ಹೆರಿಗೆಗೆ ತೊಕ್ಕೊಟ್ಟಿನ ತವರಿಗೆ ಹೋದ ಡುಲ್ಸಿನ್ ಇನ್ನೂ ಅಲ್ಲೇ. ಮಗನನ್ನು ನೋಡಿದ್ದು ಎರಡೇ ಸಲ. "ಸೋರುವ ಮನೆಗೆ ಬಾಣಂತಿಯನ್ನು ಕಳಿಸುವುದಿಲ್ಲ. ಹಂಚು ಹೊದೆಸು, ಆಮೇಲೆ ಮಾತಾಡು" - ಅತ್ತೆಯ ಅಪ್ಪಣೆ. ಸಿಟ್ಟು ಬಂತು. ಆದರೆ ಕಳೆದ ಮಳೆಗಾಲ ನಾವೇ ಕೊಡೆ ಹಿಡಿದು ಊಟ ಮಾಡಿದ್ದೇವೆ.
ಹಂಚಿನ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಹಂಚು ತಟ್ಟಿ, ಶಬ್ದ ಕೇಳಿಯೇ ಬಿರುಕು ಹಿಡಿದವನು ನಾನು. ಹೊದೆಸಲು ಎಂತ ಕಷ್ಟ?

ಮೇ 9, ಸಂಜೆ
ಅಯ್ಯೋ ದೇವರೇ. ಮಾಡಿನ ನೆತ್ತಿಯಿಂದ ಕೆಳಕ್ಕೆ ಹೊದೆಸುತ್ತಾ ಬಂದಿದ್ದೆ. ಹಂಚಿನ ಕಚ್ಚು ಒಂದಕ್ಕೊಂದು ಕೂರದಿದ್ದರೆ ಒತ್ತಿ ಕೂರಿಸಿದೆ. ಪಕ್ಕದ ಮನೆಯ ಮೊಯ್ದೀನಬ್ಬ ಬ್ಯಾರಿ - ಬಂದರಿನಲ್ಲಿ ದೋಣಿ ಇಟ್ಟವರು - ಏಣಿ ಹತ್ತಿ ಒಂದು ಕೊಡ ನೀರು ಸುರಿದರು. ಅಷ್ಟೂ ಒಳಗೆ, ಕೆಳಗೆ ನಿಂತಿದ್ದ ನನ್ನ ತಲೆಗೇ.
"ಎಂತ ಮಾರಾಯ, ತಟ್ಲಿಕ್ಕೆ ಮಾತ್ರ ಗೊತ್ತುಂಟಾ ನಿನಗೆ? ಕೆಳಗಿನಿಂದ ಮೇಲೆ ಹೋಗ್ಬೇಕು. ಮೇಲಿನದ್ದು ಕೆಳಗಿನದ್ದರ ಮೇಲೆ ಕೂರ್ಬೇಕು."
ಆಗ ನಗು ಬರಲಿಲ್ಲ. ಈಗ ತಡೆಯಲಾಗುತ್ತಿಲ್ಲ. ಎಲ್ಲ ತೆಗೆಯಬೇಕು...

ಮೇ 15
ಬ್ಯಾರಿ, ಅವರ ತಮ್ಮ ಬಶೀರ್, ದೋಣಿಯ ಜನ - ಸಾಲಾಗಿ ನಿಂತು ಕೈಯಿಂದ ಕೈಗೆ ಹಂಚು ದಾಟಿಸಿದರು. ಎಲ್ಲರಿಗೂ ರಂಝಾನಿನ ಉಪವಾಸ. ಸುಡುವ ಬಿಸಿಲು. ಮಾಡಿನ ಮೇಲೆ ಗಟಗಟ ನೀರು ಕುಡಿಯುತ್ತಿದ್ದವನು ನಾಚಿಕೆಯಾಗಿ ನಿಲ್ಲಿಸಿದೆ.
"ಕುಡಿ ಮಾರಾಯ," ಬ್ಯಾರಿ ಕೆಳಗಿನಿಂದ ಕೂಗಿದರು. "ನೀನು ತಲೆತಿರುಗಿ ಬಿದ್ರೆ ನಿನ್ನ ಅತ್ತೆಗೆ ಉತ್ತರ ಹೇಳುವುದು ಯಾರು?"
ಸಂಜೆ ಮಸೀದಿಯಲ್ಲಿ ಬಾಂಗ್ ಆಗುವಾಗ ನೆತ್ತಿಯ ಕೊನೆಯ ಹಂಚು ಕೂತಿತು. ಬ್ಯಾರಿಯ ಹೆಂಡತಿ ಝೈನಬಮ್ಮ ಗಂಜಿ ಕಳಿಸಿದರು, ನನಗೂ. ದೇವರು ಆ ಮನೆಯನ್ನು ತಂಪಾಗಿಟ್ಟಿರಲಿ.

ಜೂನ್ 2
ಡುಲ್ಸಿನ್ ಬಂದಳು! ಮಗ ಬಂದ! ಅತ್ತೆಯೂ. ಕಂಕುಳಲ್ಲಿ ದೊಡ್ಡ ತಾಮ್ರದ ಪಾತ್ರೆ.
"ಇದೆಂತಕ್ಕೆ ಮಾಂಯ್?" ಅತ್ತೆಯನ್ನು ಕೇಳಿದೆ.
"ನೀನು ಹೊದೆಸಿದ ಮಾಡು ಅಲ್ವಾ? ಸೋರುವಲ್ಲಿ ಇಡ್ಲಿಕ್ಕೆ."
ತೊಟ್ಟಿಲಿನ ಪಕ್ಕವೇ ಇಟ್ಟರು. ಡುಲ್ಸಿನ್ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಸೋರಿದರೆ ಇಬ್ಬರನ್ನೂ ವಾಪಸು ಕರೆದುಕೊಂಡು ಹೋಗುತ್ತಾರೆ, ಖಂಡಿತ. ಹೆದರಿಕೆ.

ಜೂನ್ 5, ಬೆಳಿಗ್ಗೆ
ನಿನ್ನೆ ಸಂಜೆಯಿಂದ ಒಂದೇ ಸಮನೆ ಮಳೆ. ಮೂವರೂ ಮೇಲೆ ನೋಡುತ್ತಾ ಕೂತೆವು. ಮಗ ಮಾತ್ರ ಸುಖವಾಗಿ ಮಲಗಿದ್ದ. ಬೆಳಗಾದ ಕೂಡಲೇ ಅತ್ತೆ ಪಾತ್ರೆಯೊಳಗೆ ಕೈ ಹಾಕಿ ತಳ ಸವರಿದರು. ಒಣ. ಪಾತ್ರೆ ಒಯ್ದು ಒಲೆಯ ಮೇಲಿಟ್ಟು ಬಾವಿ ನೀರು ತುಂಬಿದರು.
"ಸೈಮನ್, ಸೌದೆ ಕೊಡು. ಮಗುವನ್ನು ಮೀಯಿಸ್ಲಿಕ್ಕುಂಟು. ಇದು ಇನ್ನು ಇಲ್ಲೇ ಇರ್ಲಿ."
ಊರಿಗೆಲ್ಲ ಕೂಗಿ ಹೇಳಬೇಕು. ಮೊದಲು ಮೊಯ್ದೀನಬ್ಬ ಬ್ಯಾರಿಗೆ... ಓ, ಮತ್ತೆ ಸೌದೆ ಕೇಳುತ್ತಿದ್ದಾರೆ, ಮಗನೂ ಎದ್ದು -