ಗೆರೆಯಾಚೆ ಬಿದ್ದ ಶಟಲ್

ಜೂನ್ 4

ಮೂರನೇ ಕ್ಯಾಮೆರಾ ಮತ್ತೆ ಕಪ್ಪು. ಕೇಬಲ್ ಬಿಚ್ಚಿ ಹಾಕಿದೆ, ಊದಿ ಹಾಕಿದೆ, ಬೈದು ಹಾಕಿದೆ. ಬೈದ ಮೇಲೆ ಬಂತು. ಮೂರೂ ಚಿತ್ರಗಳು ಈಗ ನೇರಪ್ರಸಾರದ ಮಿಕ್ಸಿಂಗ್ ಸಾಫ್ಟ್‌ವೇರ್‌ನಲ್ಲಿ ಸಾಲಾಗಿ ಕೂತಿವೆ. ಓಪನ್ ಸೋರ್ಸ್, ಯಾರು ಬೇಕಾದರೂ ತಿದ್ದಿ ಬಳಸಬಹುದು ಎಂದು ಮೊನ್ನೆ ವಿವರಿಸಿದ್ದೆ. ಕ್ಲಬ್ ಸೆಕ್ರೆಟರಿಗೆ ಕೇಳಿಸಿದ್ದು ಬಿಟ್ಟಿ ಅನ್ನುವುದೊಂದೇ.

ಬ್ಯಾಡ್ಮಿಂಟನ್ ಹಾಲ್‌ನ ಮೇಲೆ ಗಾಜಿನ ಕೋಣೆ. ಇಡೀ ದಿನ ನಾನೊಬ್ಬಳೇ. ಕೆಳಗೆ ಆಡುತ್ತಾರೆ, ನಗುತ್ತಾರೆ, ಸದ್ದು ಮೇಲೆ ಬರುವುದಿಲ್ಲ.

ಸಂಜೆ ಮನೆಗೆ ಹೋದಾಗ ತಮ್ಮ ಕೇಳಿದ, "ಅಕ್ಕಾ, ಊಟ ಮಾಡಿದ್ಯಾ, ಇಲ್ಲ ವೈರೇ ತಿಂದ್ಯಾ?" ಇವತ್ತು ನನ್ನ ಜೊತೆ ಮಾತಾಡಿದವನು ಅವನೊಬ್ಬನೇ.

ಜೂನ್ 7

ಸ್ಲೋ ಮೋಷನ್ ರೀಪ್ಲೇ ಬೇರೆಯೇ ಪ್ರೋಗ್ರಾಂ. ಎರಡನೇ ಕಂಪ್ಯೂಟರ್‌ಗೆ ಹಾಕಿದೆ. ಮೂರೂ ಕ್ಯಾಮೆರಾ ಸದಾ ರೆಕಾರ್ಡ್ ಆಗುತ್ತಿರುತ್ತವೆ. ಬೇಕಾದ ಚೂರಿಗೆ ಗುರುತು ಹಾಕಿ ನಿಧಾನವಾಗಿ ಓಡಿಸಿದರೆ ಅದು ನಾಲ್ಕನೇ ಕ್ಯಾಮೆರಾದಂತೆ ಮಿಕ್ಸರ್‌ಗೆ ಬರುತ್ತದೆ. ಮ್ಯಾನ್ಯುಯಲ್ ಓದಿ ಓದಿ ತಲೆ ಕೆಟ್ಟು ಕೆರ ಹಿಡಿಯಿತು.

ರೀಪ್ಲೇಗೆ ಒಬ್ಬರು, ಮಿಕ್ಸಿಂಗ್‌ಗೆ ಒಬ್ಬರು ಬೇಕು. ಸೆಕ್ರೆಟರಿಯನ್ನು ಕೇಳಿದೆ. "ನೀವಿದ್ದೀರಲ್ಲ ಮೇಡಂ" ಅಂದರು. ಹೊಗಳಿದ್ದೋ, ಕೈ ತೊಳೆದುಕೊಂಡಿದ್ದೋ...

ಜೂನ್ 8, ಮಧ್ಯಾಹ್ನ

ದಾರಿ ಸಿಕ್ಕಿತು. ಪ್ಲೇ ಒತ್ತಿದರೆ ಸಾಕು, ಮಿಕ್ಸರ್ ತಾನಾಗಿಯೇ ರೀಪ್ಲೇಗೆ ಹಾರುತ್ತದೆ. ಅದೇ ಚಿತ್ರ ಹಾಲ್‌ನ ದೊಡ್ಡ ಸ್ಕ್ರೀನಿಗೂ, ಇಂಟರ್‌ನೆಟ್ಟಿಗೂ ಹೋಗುತ್ತದೆ. ಮುಗಿದರೆ ಲೈವ್‌ಗೆ ವಾಪಸ್. ಒಂದೇ ಗುಂಡಿ, ಇಬ್ಬರ ಕೆಲಸ. ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಇನ್ಯಾರು ತಟ್ಟಬೇಕು.

ಜೂನ್ 12

ಫೈನಲ್‌ಗೆ ತಮ್ಮನೇ ಅಂಪೈರ್. ಚಿಕ್ಕ ಕ್ಲಬ್, ಗೆರೆ ನೋಡುವವರು ಬೇರೆ ಇಲ್ಲ, ಎಲ್ಲ ಅವನದೇ ತೀರ್ಪು. ದೊಡ್ಡ ಟೂರ್ನಿಗಳ ಅಂಪೈರ್ ಪ್ಯಾನೆಲ್‌ಗೆ ಆರಿಸುವವರು ನೋಡಲು ಬರುತ್ತಾರಂತೆ. ಆಯ್ಕೆಯಾದರೆ ವರ್ಷವೆಲ್ಲ ಊರೂರು ತಿರುಗಾಟ. ಎಷ್ಟು ವರ್ಷದ ಕನಸು ಅವನದು. ಒಂದೇ ಶರ್ಟನ್ನು ಮತ್ತೆ ಮತ್ತೆ ಇಸ್ತ್ರಿ ಮಾಡುತ್ತಿದ್ದಾನೆ.

"ನನ್ನ ಮುಖ ಕ್ಲೋಸಪ್ಪಲ್ಲಿ ಹಾಕ್ಬೇಡಕ್ಕ, ಬೆವರ್ತೀನಿ."

"ಬೆವರೋದನ್ನ ಸ್ಲೋ ಮೋಷನ್ನಲ್ಲೇ ಹಾಕ್ತೀನಿ ಕಣೋ."

ಇಬ್ಬರೂ ನಕ್ಕೆವು.

ಜೂನ್ 14, ಸಂಜೆ

ಇವತ್ತು ಫೈನಲ್.

ಕೊನೆಯ ಗೇಮ್. ಆಡುತ್ತಿದ್ದ ಇಬ್ಬರಲ್ಲಿ ಎಡಗೈ ಹುಡುಗಿ ಸೋಲುವ ಅಂಚಿನಲ್ಲಿದ್ದಳು, ಎದುರಾಳಿಗೆ ಗೆಲ್ಲಲು ಒಂದೇ ಪಾಯಿಂಟ್ ಬಾಕಿ. ಎದುರಾಳಿ ಹೊಡೆದ ಶಟಲ್ ಹಿಂದಿನ ಗೆರೆಯ ಹತ್ತಿರ ಬಿತ್ತು. ತಮ್ಮ 'ಒಳಗೆ' ಅಂದ. ಆಟ ಮುಗಿಯಿತು. ಹುಡುಗಿ ಮಾತ್ರ ಹೊರಗೆ, ಹೊರಗೆ ಎಂದು ಕೈಯಾಡಿಸುತ್ತಲೇ ಇದ್ದಳು. ನನಗೂ ಹಾಗೇ ಕಂಡಿತ್ತು. ನಾನೊಬ್ಬಳೇ ನೋಡಿಬಿಡೋಣ ಎಂದು ಪ್ಲೇ ಒತ್ತಿದೆ.

ಒಬ್ಬಳೇ ನೋಡುವುದು ಎಲ್ಲಿ ಬಂತು. ಹಾಗೆ ಜೋಡಿಸಿದವಳು ನಾನೇ ಅಲ್ಲವೇ. ದೊಡ್ಡ ಸ್ಕ್ರೀನಿನಲ್ಲಿ ಶಟಲ್ ನಿಧಾನವಾಗಿ ಇಳಿಯಿತು — ಗೆರೆಯಿಂದ ಒಂದು ಬೆರಳು ಆಚೆ. ಹಾಲ್ ಎದ್ದು ನಿಂತಿತು. ಕೂಗು ಗಾಜಿನ ಈಚೆಗೂ ಬಂತು. ತಮ್ಮ ಸ್ಕ್ರೀನ್ ನೋಡಿದ. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದ.

ಮುಗಿದ ಆಟದ ತೀರ್ಪು ಬದಲಾಗುವುದಿಲ್ಲವಂತೆ. ಹುಡುಗಿ ಅಳುತ್ತ ಹೋದಳು.

ಜೂನ್ 15

ಪ್ಯಾನೆಲ್‌ನವರು ಅವನನ್ನು ಕೈಬಿಟ್ಟರು. ಫೋನ್ ಇಟ್ಟು ಸ್ನಾನಕ್ಕೆ ಹೋದ.

ಜೂನ್ 19

ತಡೆಯಲಾಗದೆ ನಾನೇ ಬಾಯಿಬಿಟ್ಟೆ. "ಎಲ್ರಿಗೂ ತೋರ್ಸೋಕೆ ಒತ್ತಿದ್ದಲ್ಲ ಕಣೋ. ನಾನೊಬ್ಳೇ ನೋಡೋಣ ಅಂತ..."

ಶೂ ಲೇಸ್ ಕಟ್ಟುತ್ತಿದ್ದವನು ಕೈ ನಿಲ್ಲಿಸಿದ. "ಗೊತ್ತಕ್ಕ. ಊರೆಲ್ಲ ನೋಡಿದ್ದಕ್ಕಲ್ಲ ಬೇಜಾರು. ನೀನ್ಯಾಕೆ ನೋಡ್ಬೇಕಿತ್ತು?"

ಅವನು ಲೇಸನ್ನು ಬಿಗಿದು ಗಂಟು ಹಾಕಿದ.

"ನೀನೊಬ್ಳಾದ್ರೂ ನನ್ನ ನಂಬ್ತೀಯ ಅನ್ಕೊಂಡಿದ್ದೆ."

ಬ್ಯಾಗ್ ಎತ್ತಿಕೊಂಡು ಹೋದ. ಗೆಳೆಯನ ರೂಮಿನಲ್ಲಿ ಇರುತ್ತಾನಂತೆ. ಸಿಟ್ಟು ಮಾಡಿಕೊಂಡು ಹೋಗಿದ್ದರೆ ಬಂದಾನು ಎನ್ನಬಹುದಿತ್ತು. ಸಿಟ್ಟೇ ಇರಲಿಲ್ಲ ಅವನಲ್ಲಿ.

ಜುಲೈ 2

ಮಕ್ಕಳ ಟೂರ್ನಿ. ಬೇರೆ ಅಂಪೈರ್. ಪ್ಲೇ ಗುಂಡಿಯನ್ನು ಮಿಕ್ಸರ್‌ನಿಂದ ಬೇರೆ ಮಾಡಿದ್ದೇನೆ. ಸೆಕ್ರೆಟರಿ ಮೇಲೆ ಬಂದು, "ಅವತ್ತಿನ ವಿಡಿಯೋ ಎಷ್ಟು ಜನ ನೋಡಿದಾರೆ ಗೊತ್ತಾ ಮೇಡಂ" ಅಂದರು. ಖುಷಿಯಲ್ಲಿದ್ದರು. ನಾನೂ ಹಲ್ಲು ಕಿರಿದೆ. ಇಂಥದ್ದನ್ನೆಲ್ಲ ಮನೆಗೆ ಹೋಗಿ ಹೇಳುತ್ತಿದ್ದದ್ದು ಅವನಿಗೆ.

ಜುಲೈ 6

ಅವನಿಗೆ ಮೆಸೇಜ್ ಬರೆದೆ. 'ನೀನು ಸರಿ ಅಂತ ಖಾತ್ರಿ ಮಾಡ್ಕೊಳ್ಳೋಕೆ ನೋಡಿದ್ದು ಕಣೋ.' ಅಳಿಸಿದೆ. ಸುಳ್ಳು ಅದು. ಇದನ್ನು ಯಾರೂ ಓದುವುದಿಲ್ಲ, ಇಲ್ಲಾದರೂ ನಿಜ ಬರೆಯಬೇಕು. ಪ್ಲೇ ಒತ್ತುವಾಗ ನನಗೆ ಅನ್ನಿಸಿದ್ದು — ಇವನ ತೀರ್ಪು ತಪ್ಪಾಗಿದ್ದರೆ, ಇವನು ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿಯುತ್ತಾನೆ ಅಂತ.